ಹನ್ನೊಂದು ಸೆಕೆಂಡಿನ ಕೈ

“ಇನ್ನೂ ಸ್ವಲ್ಪ ಎಡಕ್ಕೆ. ನಿನ್ನ ಎಡಕ್ಕಲ್ಲ ಚಿಕ್ಕಮ್ಮ, ಗಡಿಯಾರದ ಎಡಕ್ಕೆ.”

ಗಡಿಯಾರಕ್ಕೆ ಎಡ ಯಾವುದು ಎಂದು ಕೇಳೋಣವೆಂದರೆ ಚಿಕ್ಕಮ್ಮನ ಬಾಯಲ್ಲಿ ನಾಲ್ಕು ಬಟ್ಟೆ ಕ್ಲಿಪ್ಪುಗಳಿದ್ದವು. ಅವಳು ಸ್ಟೂಲಿನ ಮೇಲೆ ತುದಿಗಾಲಲ್ಲಿ ನಿಂತು ಕಿಟಕಿಗೆ ಅಡ್ಡಲಾಗಿ ಬಿಳಿ ಬೆಡ್‌ಶೀಟೊಂದನ್ನು ಎತ್ತಿ ಹಿಡಿದಿದ್ದಳು. ಮಧ್ಯಾಹ್ನದ ಬಿಸಿಲು ಬಟ್ಟೆಯಲ್ಲಿ ಸೋಸಿಕೊಂಡು, ನೀರು ಬೆರೆಸಿದ ಹಾಲಿನ ಹಾಗೆ ತೆಳ್ಳಗಾಗಿ ಮೇಜಿನ ಮೇಲೆ ಬೀಳುತ್ತಿತ್ತು.

“ಹಾಂ, ಅಲ್ಲೇ. ಅಲ್ಲಾಡಬೇಡ.”

ಐವತ್ತೆಂಟನೆಯ ವಯಸ್ಸಿನಲ್ಲಿ ಸ್ಟೂಲಿನ ಮೇಲೆ ಅಲ್ಲಾಡದೆ ನಿಲ್ಲುವುದು ಹೇಳಿದಷ್ಟು ಸುಲಭವಲ್ಲ. ಆದರೂ ನಿಂತಳು. ವಿಮಾ ಕಂಪನಿಗಾಗಿ ಇಪ್ಪತ್ತೆರಡು ವರ್ಷ ಸುಟ್ಟ ಅಂಗಡಿಗಳನ್ನೂ ಮುಳುಗಿದ ಗೋದಾಮುಗಳನ್ನೂ ತಪಾಸಣೆ ಮಾಡಿದವಳು ಅವಳು. ಸುಳ್ಳು ಎಲ್ಲಿ ಅಡಗಿದೆ ಎಂದು ಹುಡುಕುತ್ತ ಇದಕ್ಕಿಂತ ಕೆಟ್ಟ ಜಾಗಗಳಲ್ಲಿ ನಿಂತಿದ್ದಳು.

ಕೆಳಗೆ ಮೇಜಿನ ಮೇಲೆ, ತಲೆಯ ಮೇಲೆ ಎರಡು ಗಂಟೆ ಹೊತ್ತ ಹಳೆಯ ಅಲಾರಂ ಗಡಿಯಾರ. ಅದರ ನೆತ್ತಿಯ ಮೇಲೆ, ಕೆಟ್ಟುಹೋದ ಫ್ಯಾನೊಂದರ ಕಂಬಕ್ಕೆ ಕಟ್ಟಿದ ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಬಾವಲಿಯ ಹಾಗೆ ತಲೆಕೆಳಗಾಗಿ ನೇತಾಡುತ್ತಿತ್ತು. ಕಂಬ ಮುಗ್ಗರಿಸದಿರಲೆಂದು ಬುಡಕ್ಕೆ ಎರಡು ಇಟ್ಟಿಗೆ. ದನಿ ಗೋಡೆಗೆ ಬಡಿದು ವಾಪಸು ಬಾರದಿರಲೆಂದು ನಾಲ್ಕೂ ಕಡೆ ಹಳೆಯ ರಜಾಯಿಗಳು. ಮೊದಲು ಮೊಟ್ಟೆಯ ಟ್ರೇಗಳನ್ನು ಅಂಟಿಸಿ ನೋಡಿದ್ದರು. ದನಿ ಹಾಗೆಯೇ ಉಳಿಯಿತು, ಇರುವೆ ಮಾತ್ರ ಬಂದವು. ಎರಡು ಟೇಬಲ್ ಲ್ಯಾಂಪುಗಳಿಗೂ ಈಗ ಒಂದೇ ಜಾತಿಯ ಬಲ್ಬು, ಏಕೆಂದರೆ ಬೇರೆ ಬೇರೆ ಬಲ್ಬು ಹಾಕಿದ ದಿನ ಒಂದು ಕೈಗೆ ಕಾಮಾಲೆ ಬಂದಂತೆ, ಇನ್ನೊಂದು ಕೈ ಚಳಿಗೆ ನೀಲಿಗಟ್ಟಿದಂತೆ ಕಾಣಿಸಿತ್ತು. ಮೈಕಿಗೆ ತೊಡಿಸಿದ್ದು ಜೋಡಿ ಕಳೆದುಕೊಂಡ ಒಂದು ಕಾಲುಚೀಲ.

ಹಿಂದೆ ಇದು ಬೇಡದ ಸಾಮಾನು ತುಂಬುವ ಕೋಣೆ. ಈಗ ಅಕ್ಕನ ಮಗಳ ಸ್ಟುಡಿಯೋ.

ಅಕ್ಕನ ಮಗಳನ್ನು ಎಲ್ಲರೂ ಕರೆಯುವುದು ಮುಳ್ಳು ಎಂದು. ಗಡಿಯಾರ ರಿಪೇರಿಯ ಅಪ್ಪ, ಒಂದು ಕಡೆ ನಿಲ್ಲದ ಸಣಕಲು ಮಗುವನ್ನು ನೋಡಿ ಸೆಕೆಂಡಿನ ಮುಳ್ಳು ಎಂದಿದ್ದರು. ಕಾಲ ಕಳೆದ ಹಾಗೆ ಸೆಕೆಂಡು ಉದುರಿ ಮುಳ್ಳು ಉಳಿಯಿತು. ಅಪ್ಪನ ಅಂಗಡಿಯಲ್ಲಿ ಒಂಬತ್ತು ವರ್ಷ ಕೆಲಸ ಕಲಿತು, ಎರಡು ತಿಂಗಳ ಹಿಂದೆ ಹೊರಬಿದ್ದು, ರಿಪೇರಿಯ ವಿಡಿಯೋ ಪಾಠ ಮಾಡುತ್ತೇನೆಂದು ಬೇರೆ ಮನೆ ಹಿಡಿದವಳು.

ಮಂಗಳವಾರ ಈ ಕೋಣೆಯಲ್ಲಿ ತೆಗೆದ ಅವಳ ಮೊದಲ ಪಾಠ, ಗುರುವಾರ ಫೋಟೋ ಸ್ಟುಡಿಯೋ ಮಾಲೀಕ ಫ್ಲ್ಯಾಶ್‌ನ ಚಾನೆಲ್‌ನಲ್ಲಿ ಯಾವುದೋ ಗಂಡಸಿನ ದನಿ ಹೊದ್ದುಕೊಂಡು ಹಾಡುಹಗಲೇ ಓಡಾಡುತ್ತಿತ್ತು. ಇಂಥ ಹನ್ನೆರಡು ಪಾಠ ಬೇಕೆಂದಿದ್ದ ತರಬೇತಿ ಸಂಸ್ಥೆಯ ಮೇಡಮ್, ಶನಿವಾರ ಸಂಜೆ ಐದರೊಳಗೆ ಯಾರದು ಅಸಲಿ ಎಂದು ತೋರಿಸದಿದ್ದರೆ ಕೆಲಸ ಫ್ಲ್ಯಾಶ್‌ಗೆ ಎಂದಿದ್ದರು.

ಇವತ್ತು ಶನಿವಾರ. ಗಂಟೆ ಎರಡೂ ಮುಕ್ಕಾಲು. ಅದೂ ಫೋನು ನೋಡಿದ್ದರಿಂದ ಗೊತ್ತಾದದ್ದು. ಟಿಕ್ ಟಿಕ್ ಮೈಕಿಗೆ ಬೀಳುತ್ತದೆಂದು ಆ ಮನೆಯ ಏಳೂ ಗಡಿಯಾರಗಳನ್ನು ನಿಲ್ಲಿಸಿಡಲಾಗಿತ್ತು.

“ಸಿಕ್ತು,” ಎಂದಳು ಮುಳ್ಳು, ಬಹಳ ಮೆಲ್ಲಗೆ.

ಚಿಕ್ಕಮ್ಮ ಬೆಡ್‌ಶೀಟಿಗೆ ಕ್ಲಿಪ್ಪು ಹಾಕಿ ಕೆಳಗಿಳಿದಳು. ಗಡಿಯಾರದ ಎಡ ಗಂಟೆಯ ಹೊಳೆಯುವ ಉಬ್ಬಿನಲ್ಲಿ ಕಿಟಕಿಯ ಪ್ರತಿಬಿಂಬ ಬಿದ್ದಿತ್ತು: ಕಿರುಬೆರಳಿನ ಉಗುರಿಗಿಂತ ಚಿಕ್ಕದಾದ ಬೆಳ್ಳನೆಯ ಚೌಕ. ಚೌಕದ ಮೂಲೆಯಲ್ಲಿ ದೋಣಿಯ ಆಕಾರದ ಒಂದು ಕಂದು ಕಲೆ.

ಪಕ್ಕದ ಲ್ಯಾಪ್‌ಟಾಪಿನಲ್ಲಿ ಫ್ಲ್ಯಾಶ್‌ನ ವಿಡಿಯೋ ನಿಂತಿತ್ತು. ಅದೇ ಗಂಟೆ. ಅದೇ ಚೌಕ. ಅದೇ ದೋಣಿ.

“ಅವನ ಸ್ಟುಡಿಯೋದಲ್ಲಿ ಕೊಡೆ ಲೈಟು ಚಿಕ್ಕಮ್ಮ. ಗುಂಡಗೆ ಕಾಣ್ಬೇಕು. ಇದು ಚೌಕ. ಇದು ನನ್ನ ಕಿಟಕಿ.” ಮುಳ್ಳು ದೋಣಿಯ ಮೇಲೆ ಬೆರಳಿಟ್ಟಳು. “ಇದೇನು ಕಲೆ? ನಾನ್ಯಾವತ್ತೂ ನೋಡೇ ಇಲ್ಲ.”

ಚಿಕ್ಕಮ್ಮ ಗಂಟಲು ಸರಿಮಾಡಿಕೊಂಡಳು. “ಇಸ್ತ್ರಿ ಪೆಟ್ಟಿಗೆ.”

“ಲಾಂಡ್ರಿಯವನು ಸುಟ್ಟ ಅಂತ ಅಮ್ಮ ಜಗಳ ಆಡಿದ್ಲಲ್ಲ, ಅದಾ?”

“ಅವನಲ್ಲ. ನಾನು. ಫೋನಲ್ಲಿ ಮಾತಾಡ್ತಾ ಇಟ್ಟು ಮರೆತೆ. ಹನ್ನೊಂದು ವರ್ಷ ಆಯ್ತು. ಆಮೇಲೆ ಬೆಡ್‌ಶೀಟನ್ನ ಮಡಚಿ, ಕಲೆ ಒಳಗೆ ಹೋಗೋ ಹಾಗೆ ಬೀರುವಿನಲ್ಲಿಟ್ಟೆ.”

“ಆ ಲಾಂಡ್ರಿಯವನು ಎರಡು ವರ್ಷ ನಮ್ಮನೆ ಬಟ್ಟೆ ಮುಟ್ಟಲಿಲ್ಲ.”

“ಅವನ ಹತ್ರ ಕ್ಷಮೆ ಕೇಳ್ತೀನಿ. ಮೊದಲು ನಿನ್ನ ಪಾಠ.”

ಮುಳ್ಳು ನಕ್ಕಳು. ಎರಡು ದಿನದಿಂದ ಆ ಮುಖದಲ್ಲಿ ನಗು ಕಂಡಿರಲಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಎನ್ನುತ್ತಾರೆ. ಇಲ್ಲಿ ಕನ್ನಡಿಯೊಂದೇ ಸಾಕ್ಷಿ. ಬೇರೆ ಸಾಕ್ಷಿಯನ್ನು ಆ ಕ್ಯಾಮೆರಾ ಕೆಡಿಸಿಬಿಟ್ಟಿತ್ತು. ಅದರೊಳಗಿನ ಪುಟ್ಟ ಬ್ಯಾಟರಿ ಸತ್ತು ಎಷ್ಟು ಕಾಲವಾಗಿತ್ತೋ, ತೆಗೆದ ಪ್ರತಿ ವಿಡಿಯೋಗೂ ಹದಿನಾಲ್ಕು ವರ್ಷ ಹಿಂದಿನ ತಾರೀಖು ಒತ್ತುತ್ತಿತ್ತು. ಊರವರ ಗಡಿಯಾರವನ್ನೆಲ್ಲ ಸರಿಮಾಡುವವಳು ತನ್ನ ಕ್ಯಾಮೆರಾದ ಗಡಿಯಾರ ನೋಡಿರಲಿಲ್ಲ.

“ಮೇಡಮ್‌ಗೆ ಈಗ್ಲೇ ಕಳಿಸ್ತೀನಿ,” ಎಂದು ಮುಳ್ಳು ಫೋನು ತೆಗೆದಳು.

“ತಡಿ.”

“ಇನ್ನೇನು ತಡಿ?”

“ಖುಷಿ ಆದ್ಮೇಲೆ ಇನ್ನೊಂದು ಸಲ ನೋಡ್ಬೇಕು. ಇಪ್ಪತ್ತೆರಡು ವರ್ಷದಲ್ಲಿ ಕಲಿತಿದ್ದು ಅದೊಂದೇ. ಮಿಕ್ಕಿದ್ದೆಲ್ಲ ಫಾರಂ ತುಂಬೋದು.”

ಫೋನಿನಲ್ಲಿ ಮುಳ್ಳುವಿನ ಪಾಠ, ಲ್ಯಾಪ್‌ಟಾಪಿನಲ್ಲಿ ಫ್ಲ್ಯಾಶ್‌ನ ಪಾಠ. ಎರಡನ್ನೂ ಒಟ್ಟಿಗೆ ಬಿಟ್ಟರು. ಅವಳಿ ಮಕ್ಕಳ ಹಾಗೆ ಹೆಜ್ಜೆಗೆ ಹೆಜ್ಜೆ ಹಾಕುತ್ತ ಹೋದವು. ನಾಲ್ಕನೆಯ ನಿಮಿಷದಲ್ಲಿ ಕೈ ಬಿಟ್ಟವು.

ಫೋನಿನಲ್ಲಿ ಮುಳ್ಳುವಿನ ಕೈಗಳು ಗಡಿಯಾರದ ಹಿಂಬದಿಯ ಸ್ಕ್ರೂ ಬಿಚ್ಚತೊಡಗಿದ್ದವು. ಲ್ಯಾಪ್‌ಟಾಪಿನಲ್ಲಿ ಇನ್ನೂ ಬಿಚ್ಚಿರಲಿಲ್ಲ. ಅಲ್ಲಿ ಬೇರೆ ಒಂದು ಕೈ ಬಂತು. ಬಲಗೈ. ಅದು ಗಡಿಯಾರದ ಚಾವಿಯನ್ನು ಮುಷ್ಟಿಯಲ್ಲಿ ಹಿಡಿಯಿತು. ಚಿತ್ರದ ಅಂಚಿನಿಂದ ಒಂದು ತೆಳ್ಳನೆಯ ಕಡ್ಡಿ ತೂರಿಬಂದು ಹಿಂಬದಿಯ ಕಿಂಡಿಯ ಮೂಲಕ ಒಳಗಿನ ಪುಟ್ಟ ಕೊಕ್ಕೆಯನ್ನು ಎತ್ತಿತು. ಚಾವಿ ಮುಷ್ಟಿಯೊಳಗೆ ಮೆಲ್ಲಮೆಲ್ಲಗೆ ಹಿಂದಕ್ಕೆ ತಿರುಗಿತು, ಮೂರು ಸುತ್ತು. ಕಡ್ಡಿ ಹಿಂದೆ ಸರಿಯಿತು. ಕಿರುಬೆರಳಿನ ಉಗುರು ಹಿತ್ತಾಳೆಯನ್ನು ಎರಡು ಸಲ ತಟ್ಟಿತು.

ಮತ್ತೆ ಮುಳ್ಳುವಿನ ಕೈಗಳು. ಅಲ್ಲಿಂದ ಮುಂದೆ ಕೊನೆಯವರೆಗೂ ಎರಡೂ ಒಂದೇ, ಲ್ಯಾಪ್‌ಟಾಪಿನದು ನಿಧಾನ ಓಡುವ ಗಡಿಯಾರದ ಹಾಗೆ ಹನ್ನೊಂದು ಸೆಕೆಂಡು ಹಿಂದೆ.

“ಆ ತುಂಡು ನಂದಲ್ಲ,” ಎಂದಳು ಮುಳ್ಳು.

“ಏನು ಮಾಡಿದ್ದು ಆ ಕೈ?”

ಮುಳ್ಳು ಫೋನು ಎತ್ತಿಕೊಂಡಳು. ತನ್ನ ಪಾಠವನ್ನು ಹಿಂದಕ್ಕೆ ಓಡಿಸಿ ನೋಡಿದಳು. ಮತ್ತೆ ನೋಡಿದಳು. ಕಿವಿಯ ತುದಿ ಕೆಂಪಾಯಿತು.

“ಸ್ಪ್ರಿಂಗ್ ಇಳಿಸಿದ್ದು. ಸುತ್ತಿದ ಸ್ಪ್ರಿಂಗಲ್ಲಿ ಶಕ್ತಿ ತುಂಬಿರುತ್ತೆ. ಇಳಿಸದೆ ಬಿಚ್ಚಿದ್ರೆ ಬ್ಲೇಡಿನ ಹಾಗೆ ಹಾರಿ ಬೆರಳು ತಗೊಂಡು ಹೋಗುತ್ತೆ. ಎಲ್ಲಕ್ಕಿಂತ ಮೊದಲು ಮಾಡೋ ಕೆಲಸ ಅದು.”

“ನಿನ್ನ ಪಾಠದಲ್ಲಿ ಇಲ್ವಲ್ಲ.”

“ಮಾಡಿದ್ದೆ ಚಿಕ್ಕಮ್ಮ. ಕ್ಯಾಮೆರಾ ಹಾಕೋ ಮುಂಚೇನೇ ಮಾಡಿಬಿಟ್ಟಿದ್ದೆ. ಗಡಿಯಾರ ಕೈಗೆ ಬಂದ್ರೆ ಕೈ ತಾನಾಗೇ ಇಳಿಸುತ್ತೆ. ಬಾಗಿಲು ದಾಟುವಾಗ ಚಪ್ಪಲಿ ಬಿಟ್ಟಿದ್ದು ನೆನಪಿರುತ್ತಾ?” ಅವಳು ಕುರ್ಚಿಯ ಮೇಲೆ ಕುಸಿದಳು. “ನನ್ನ ಪಾಠ ನೋಡ್ಕೊಂಡು ಯಾರಾದ್ರೂ ಮನೇಲಿ ಕೂತು ಬಿಚ್ಚಿದ್ರೆ...”

ಕೋಣೆಯಲ್ಲಿ ರಜಾಯಿಗಳು ದನಿಯನ್ನು ನುಂಗುತ್ತಿದ್ದುದರಿಂದ ಆ ಮೌನ ಬೇರೆ ಮೌನಗಳಿಗಿಂತ ದಪ್ಪಗಿತ್ತು.

ಚಿಕ್ಕಮ್ಮನಿಗೆ ಮೌನವೆಂದರೆ ಕೆಲಸದ ಹೊತ್ತು. “ಬುಧವಾರ ಹಾಲು ಒಡೀತು ಅಂದಿದ್ದೆ ನೀನು.”

“ಫ್ರಿಜ್ ಆನ್ ಮಾಡೋದು ಮರೆತಿದ್ದೆ.”

“ಮರೆತಿರೋಕೆ ಸಾಧ್ಯವೇ ಇಲ್ಲ. ಯೋಚನೆ ಮಾಡು.”

ಆ ಮನೆಗೊಂದು ನಿಯಮವಿತ್ತು. ಫ್ರಿಜ್ಜಿನ ಗುಂಯ್‌ಗಾಟ ಮೈಕಿಗೆ ಬೀಳುತ್ತದೆಂದು ರೆಕಾರ್ಡಿಂಗ್ ಹೊತ್ತಿಗೆ ಅದನ್ನು ಆರಿಸಬೇಕು. ಆರಿಸಿದ ಕೂಡಲೇ ಮನೆಯ ಬೀಗದ ಕೈಯನ್ನು ಫ್ರಿಜ್ಜಿನೊಳಗೆ, ಬೆಣ್ಣೆಯ ಪಕ್ಕ ಇಡಬೇಕು. ಹೊರಗೆ ಹೋಗಬೇಕಾದರೆ ಬೀಗದ ಕೈ ಬೇಕು, ಬೀಗದ ಕೈ ಬೇಕಾದರೆ ಫ್ರಿಜ್ಜು ತೆರೆಯಬೇಕು, ತೆರೆದರೆ ಕತ್ತಲೆ ಕಂಡು ಮತ್ತೆ ಆನ್ ಮಾಡಬೇಕು. ಮರೆಗುಳಿಗಳಿಗೆ ಇದಕ್ಕಿಂತ ಒಳ್ಳೆಯ ಬೇಲಿ ಇಲ್ಲ.

“ಬುಧವಾರ ಥರ್ಮೋಕೋಲ್ ತರೋಕೆ ಹೋದೆ,” ಎಂದಳು ಮುಳ್ಳು ನಿಧಾನವಾಗಿ. “ಬೀಗ ಹಾಕ್ಕೊಂಡು ಹೋದೆ. ಅಂದ್ರೆ ಬೀಗದ ಕೈ ತೆಗೆದಿದ್ದೆ. ಅಂದ್ರೆ ಫ್ರಿಜ್ ಆನ್ ಮಾಡಿದ್ದೆ.”

“ಹಾಗಾದ್ರೆ ನೀನಿಲ್ಲದಾಗ ಯಾರೋ ಬಂದು ಅದನ್ನ ಆರಿಸಿದ್ರು. ಹಾಲು ಕದಿಯೋಕಲ್ಲ. ದನಿ ರೆಕಾರ್ಡ್ ಮಾಡೋಕೆ. ಆಮೇಲೆ ಆನ್ ಮಾಡೋದು ಮರೆತ್ರು, ಯಾಕಂದ್ರೆ ಅವರ ಬೀಗದ ಕೈ ಫ್ರಿಜ್ಜಲ್ಲಿರಲಿಲ್ಲ, ಜೇಬಲ್ಲಿತ್ತು.” ಚಿಕ್ಕಮ್ಮ ಸ್ವಲ್ಪ ಬಿಟ್ಟು ಹೇಳಿದಳು. “ಬಾಗಿಲು ಒಡೆದಿಲ್ಲ. ಇನ್ನೊಂದು ಬೀಗದ ಕೈ...”

“ಯಾರ ಹತ್ರ ಇದೆ ಅಂತ ಕೇಳ್ಬೇಡ.”

ಚಿಕ್ಕಮ್ಮ ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ. ಕಿರುಬೆರಳಿನಿಂದ ಎರಡು ಸಲ ತಟ್ಟುವ ಆ ಅಭ್ಯಾಸವನ್ನು ಅವಳು ಊಟದ ಮೇಜಿನಲ್ಲಿ, ನೀರಿನ ಲೋಟದ ಅಂಚಿನ ಮೇಲೆ ಮೂವತ್ತು ವರ್ಷದಿಂದ ನೋಡುತ್ತಿದ್ದಳು. ಕೆಲಸ ಸರಿಹೋಯಿತು ಎಂದು ಭಾವ, ಅಂದರೆ ಮುಳ್ಳುವಿನ ಅಪ್ಪ, ಬಾಯಿ ಬಿಟ್ಟು ಹೇಳಿದ್ದಿಲ್ಲ. ಎರಡು ಸಲ ತಟ್ಟುತ್ತಾರೆ, ಅಷ್ಟೆ.

“ಅಪ್ಪನಿಗೆ ನಾನು ಸೋಲಬೇಕಿತ್ತು,” ಎಂದಳು ಮುಳ್ಳು. “ಕೆಲಸ ಇರೋದು ಮಾಡೋಕೆ, ತೋರಿಸೋಕಲ್ಲ ಅಂದಿದ್ದ. ಅಷ್ಟು ಹೇಳಿ ಬಾಗಿಲು ಹಾಕ್ಕೊಂಡ.”

“ಕದಿಯೋಕೆ ಬಂದೋನು ತಪ್ಪು ತಿದ್ದಿ ಹೋಗ್ತಾನಾ ಹುಚ್ಚಿ?”

ಮುಳ್ಳು ತಲೆಯೆತ್ತಿದಳು.

“ಇನ್ನೊಂದು ಹೇಳು. ಆ ಕೆಲಸಕ್ಕೆ ಎಷ್ಟು ಕೈ ಬೇಕು?”

“ಎರಡು. ಒಂದು ಚಾವಿಗೆ, ಒಂದು ಕೊಕ್ಕೆಗೆ.”

“ಮತ್ತೆ ಎಡಗೈ ಯಾಕೆ ಕಾಣ್ತಿಲ್ಲ? ಬರೀ ಕಡ್ಡಿ ಬಂತು, ಅದನ್ನ ಹಿಡಿದ ಬೆರಳು ಬರಲಿಲ್ಲ.”

ಇಬ್ಬರಿಗೂ ಗೊತ್ತಿತ್ತು. ಭಾವನ ಎಡಗೈ ತೋರುಬೆರಳು ಅರ್ಧಕ್ಕೇ ನಿಂತಿತ್ತು. ಹುಡುಗನಾಗಿದ್ದಾಗ ಬಾಗಿಲಿಗೆ ಸಿಕ್ಕಿದ್ದು ಎಂದು ಮನೆಯಲ್ಲೆಲ್ಲ ನಂಬಿಕೆ. ಆ ಕೈಯನ್ನು ಅವರು ಯಾವ ಗಿರಾಕಿಗೂ ತೋರಿಸಿದವರಲ್ಲ.

“ಅಸಲಿ ಕೆಲಸಗಾರ ತನ್ನ ಕಡೆಯವನು ಅಂತ ಫ್ಲ್ಯಾಶ್ ಹೇಳ್ತಾನಲ್ಲ,” ಎಂದಳು ಚಿಕ್ಕಮ್ಮ, ಚೀಲ ಹೆಗಲಿಗೆ ಏರಿಸುತ್ತ. “ಕಿಟಕಿ ಒಂದನ್ನೇ ಹಿಡ್ಕೊಂಡು ಹೋದ್ರೆ ಅವನು ಈ ಹನ್ನೊಂದು ಸೆಕೆಂಡು ಮುಂದಿಡ್ತಾನೆ. ತನ್ನದು ಪೂರ್ತಿ, ನಿನ್ನದು ಕತ್ತರಿಸಿದ ನಕಲು ಅಂತಾನೆ. ನಡಿ.”

*

ಭಾವನ ಅಂಗಡಿ ಒಂದು ಬಾಗಿಲಿನಷ್ಟೇ ಅಗಲ. ಮುಳ್ಳು ರಸ್ತೆಯಾಚೆ ನಿಂತು, ಕೊಡೆ ಅಂಗಡಿಯ ಕೊಡೆಗಳಲ್ಲಿ ಇಲ್ಲದ ಆಸಕ್ತಿ ತೋರಿಸತೊಡಗಿದಳು. ಚಿಕ್ಕಮ್ಮ ಒಬ್ಬಳೇ ಮೆಟ್ಟಿಲೇರಿದಳು.

ಭಾವ ಕಣ್ಣಿಗೆ ಭೂತಗನ್ನಡಿ ಕಚ್ಚಿಸಿಕೊಂಡು ಕೈಗಡಿಯಾರವೊಂದರ ಹೊಟ್ಟೆಯೊಳಗೆ ಇಣುಕುತ್ತಿದ್ದರು. ಬಲಗೈ ಮೇಜಿನ ಮೇಲೆ. ಎಡಗೈ, ಎಂದಿನಂತೆ, ಗಾಜಿನ ಕೌಂಟರಿನ ಕೆಳಗೆ.

“ಅಂಗಡಿಗೆ ಬಂದೋರು ಏನಾದ್ರೂ ರಿಪೇರಿಗೆ ತಂದಿರ್ತಾರೆ,” ಎಂದರು, ತಲೆಯೆತ್ತದೆ.

“ತಂದಿದೀನಿ ಭಾವ. ಹಾಲು. ಬುಧವಾರ ಕೆಟ್ಟುಹೋಯ್ತು.”

ಚಿಮಟ ನಿಂತಿತು. ಸುತ್ತಲಿನ ಗೋಡೆಯ ಮೇಲೆ ನಲವತ್ತು ಗಡಿಯಾರಗಳು ಮಾತ್ರ ನಿಲ್ಲದೆ, ಒಂದರ ಮಾತನ್ನು ಇನ್ನೊಂದು ಕೇಳಿಸಿಕೊಳ್ಳದೆ ವಾದಿಸುತ್ತಿದ್ದವು.

“ಅವಳಿಗೆ ಗೊತ್ತಾ?”

“ಬೆರಳು ತಟ್ಟಿದ್ದು ನೋಡಿದ್ಲು. ಒಂಬತ್ತು ವರ್ಷ ನಿಮ್ಮ ಪಕ್ಕ ಕೂತೋಳು.”

“ನಾನು ಕದೀಲಿಲ್ಲ.”

“ಅದೂ ಗೊತ್ತು. ಕದ್ದೋನ ಹತ್ರ ಹೋಗ್ತಿದೀವಿ. ಬರ್ತೀರಾ?”

ಭಾವ ಭೂತಗನ್ನಡಿಯನ್ನು ಮತ್ತೆ ಕಣ್ಣಿಗೆ ಒತ್ತಿಕೊಂಡರು. “ಇದನ್ನ ಸಂಜೆಯೊಳಗೆ ಕೊಡಬೇಕು.”

“ಫ್ಲ್ಯಾಶ್ ಸ್ಟುಡಿಯೋ, ನಾಲ್ಕು ಗಂಟೆ. ನಿಮಗೆ ಟೈಮ್ ಹೇಳೋ ಅಗತ್ಯ ಇಲ್ಲ.”

ಕೆಳಗಿಳಿದಾಗ ಮುಳ್ಳು ಕೇಳಿದಳು, “ಏನಂದ?”

“ಕೆಲಸ ಇದೆ ಅಂದ್ರು.”

“ಅದೇ ಅಂತಾನೆ ಅಂತ ನನಗೆ ಗೊತ್ತಿತ್ತು,” ಎಂದಳು ಮುಳ್ಳು. ಆದರೆ ರಸ್ತೆ ತಿರುಗುವ ಮುನ್ನ ಎರಡು ಸಲ ಹಿಂದಕ್ಕೆ ನೋಡಿದಳು.

*

ಫ್ಲ್ಯಾಶ್‌ನ ಸ್ಟುಡಿಯೋದಲ್ಲಿ ಎಲ್ಲವೂ ಇತ್ತು. ಗೋಡೆಗೆ ದನಿ ಹೀರುವ ಬೂದುಬಣ್ಣದ ಸ್ಪಂಜು, ಚಕ್ರದ ಕಾಲಿನ ಸ್ಟ್ಯಾಂಡು, ಅಂಗಳದಷ್ಟು ದೊಡ್ಡ ಕೊಡೆ ಲೈಟು, ಮೂರು ಕ್ಯಾಮೆರಾ. ಮುಳ್ಳು ಒಳಗೆ ಬಂದವಳೇ ಮದುವೆಗೆ ಬಂದ ಬಡ ನೆಂಟರ ಹಾಗೆ ಒಂದೊಂದನ್ನೂ ನೋಡಿದಳು, ನೋಡಿಲ್ಲವೆಂಬಂತೆ.

ಫ್ಲ್ಯಾಶ್ ನಗುವನ್ನು ಸದಾ ಸಿದ್ಧವಾಗಿಟ್ಟುಕೊಂಡ ಮನುಷ್ಯ. ಪ್ರತಿ ವಾಕ್ಯದ ಕೊನೆಗೂ ಕಣ್ಣು ಮಿಟುಕಿಸುತ್ತಿದ್ದ.

“ಬನ್ನಿ ಮೇಡಮ್, ಕೂತ್ಕೊಳ್ಳಿ. ಕ್ಯಾಮೆರಾ ಹೇಗೆ ನಡೀತಿದೆಯಮ್ಮ? ನಾನು ಕೊಟ್ಟಿದ್ದು, ಕೇಳೋ ಹಕ್ಕಿದೆ.”

“ತಾರೀಖೊಂದು ತಪ್ಪು ತೋರಿಸುತ್ತೆ,” ಎಂದಳು ಮುಳ್ಳು.

“ಹಳೇದಲ್ವಾ.” ಕಣ್ಣು ಮಿಟುಕಿತು. “ಐದಕ್ಕೆ ಸಂಸ್ಥೆಯವರ ಹತ್ರ ಮಾತಿದೆ. ಬೇಗ ಹೇಳಿ.”

“ಪಾಠದ ವಿಷಯಕ್ಕೆ ಬಂದಿಲ್ಲ,” ಎಂದಳು ಚಿಕ್ಕಮ್ಮ. ಕುಳಿತು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡಳು. “ಹಾಲಿನ ವಿಷಯಕ್ಕೆ ಬಂದೆ. ಬುಧವಾರ ಇವಳ ಮನೇಲಿ ಒಡೆದುಹೋಯ್ತು.”

“ಅದಕ್ಕೆ ನನ್ನನ್ನ ಯಾಕೆ ಕೇಳ್ತೀರಿ? ನಾನು ಯಾರ ಮನೆ ಫ್ರಿಜ್ಜೂ ಆರಿಸಿಲ್ಲ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಚಿಕ್ಕಮ್ಮ ಜೀವನದಲ್ಲಿ ಬಹಳ ನೋಡಿದ್ದಳು. ಇಷ್ಟು ಬೇಗ ಮುಟ್ಟಿಕೊಂಡವನನ್ನು ನೋಡಿರಲಿಲ್ಲ.

“ಆರಿಸಿದ್ರು ಅಂತ ನಾನು ಹೇಳಲೇ ಇಲ್ವಲ್ಲ.”

ಫ್ಲ್ಯಾಶ್ ಕಣ್ಣು ಮಿಟುಕಿಸುವುದನ್ನು ಮರೆತ.

ಚಿಕ್ಕಮ್ಮ ಲ್ಯಾಪ್‌ಟಾಪು ತೆರೆದು ಗಂಟೆಯ ಉಬ್ಬನ್ನು ತೋರಿಸಿದಳು. ಚೌಕ ತೋರಿಸಿದಳು. ದೋಣಿ ತೋರಿಸಿದಳು. ಚೀಲದಿಂದ ಬೆಡ್‌ಶೀಟನ್ನೇ ತೆಗೆದು, ಇಸ್ತ್ರಿಯ ಕಲೆ ಮೇಲಕ್ಕೆ ಬರುವ ಹಾಗೆ ಅವನ ಮೇಜಿನ ಮೇಲೆ ಹರಡಿದಳು. “ನಿಮ್ಮ ಕೊಡೆಯಲ್ಲಿ ಈ ಕಲೆ ಎಲ್ಲಿದೆ, ತೋರಿಸಿ.”

ಅವನು ಬಹಳ ಹೊತ್ತು ನೋಡಿದ. ಆಮೇಲೆ ನಕ್ಕ. ಈ ಸಲದ ನಗು ಸಿದ್ಧವಾಗಿಟ್ಟದ್ದಲ್ಲ.

“ಒಪ್ಕೊಂಡೆ. ಕೋಣೆ ಅವಳದೇ. ಆದ್ರೆ ನಾನು ಬಾಗಿಲು ಒಡೀಲಿಲ್ಲ ಮೇಡಮ್. ಯಜಮಾನರೇ ಕರೆದ್ರು. ಮಗಳು ಹೇಗೆ ಮಾಡ್ತಿದಾಳೆ ಅಂತ ನೋಡೋಕೆ ಬಂದಿದ್ರಂತೆ. ಕ್ಯಾಮೆರಾದ ಪುಟ್ಟ ಪರದೆ ಮುಂದೆ ಮಂಡಿ ಊರಿ ಕೂತಿದ್ರು. ‘ಎಲ್ಲ ಸರಿ ಇದೆ, ಒಂದು ಬಿಟ್ಟಿದೆ, ಅದನ್ನ ಸೇರಿಸಿ ಮೆಮೊರಿ ಕಾರ್ಡಿಗೆ ಹಾಕಿಡು, ನಾನು ಅಂತ ಗೊತ್ತಾಗಬಾರದು’ ಅಂದ್ರು.”

“ನೀನು ಕಾರ್ಡಿಗೆ ಹಾಕೋ ಬದಲು ಜೇಬಿಗೆ ಹಾಕ್ಕೊಂಡೆ.”

“ಪಾಠ ಚೆನ್ನಾಗಿತ್ತು,” ಎಂದ ಫ್ಲ್ಯಾಶ್, ನಾಚಿಕೆಯಿಲ್ಲದೆ. “ಇಷ್ಟೆಲ್ಲ ಲೈಟಿಟ್ಕೊಂಡು ನಾನು ಹಾಗೊಂದು ತೆಗೆದಿಲ್ಲ.”

ಮುಳ್ಳು ನಡುವೆ ಬಾಯಿಹಾಕಿದಳು. “ಅಪ್ಪ ಏನಾದ್ರೂ ಮಾತಾಡಿದ್ನಾ? ಆ ಹನ್ನೊಂದು ಸೆಕೆಂಡಲ್ಲಿ?”

“ಅದಕ್ಕೇ ಅಲ್ವಾ ಫ್ರಿಜ್ ಆರಿಸಿದ್ದು. ಏನೋ ಹೇಳಿದ್ರು. ಅಳಿಸಿದೆ. ನನ್ನ ಮನುಷ್ಯನ ದನಿ ಹಾಕ್ಬೇಕಿತ್ತಲ್ಲ.”

ಮುಳ್ಳು ಕಿಟಕಿಯ ಕಡೆ ತಿರುಗಿದಳು. ಗಡಿಯಾರ ರಿಪೇರಿಯ ಆ ಮನುಷ್ಯ ಒಂದು ವಾರದಲ್ಲಿ ಆಡುವ ಮಾತನ್ನು ಬೆರಳಲ್ಲಿ ಎಣಿಸಬಹುದು. ಅದರಲ್ಲಿ ಹನ್ನೊಂದು ಸೆಕೆಂಡಿನಷ್ಟನ್ನು ಅವಳಿಗೆಂದು ಖರ್ಚು ಮಾಡಿದ್ದರು, ಅದನ್ನು ಇವನು ಒರೆಸಿಹಾಕಿದ್ದ.

“ಹಾಗಾದ್ರೆ ಮುಗೀತು,” ಎಂದಳು ಚಿಕ್ಕಮ್ಮ. “ಇದನ್ನೇ ಮೇಡಮ್‌ಗೆ ಹೇಳು.”

“ಮುಗೀಲಿಲ್ಲ ಮೇಡಮ್.” ಫ್ಲ್ಯಾಶ್ ಡ್ರಾಯರ್ ಎಳೆದು ಒಂದು ಹಾಳೆ ತೆಗೆದ. ಟೈಪು ಮಾಡಿದ ನಾಲ್ಕು ಸಾಲು, ಕೆಳಗೊಂದು ಸಹಿ. ಈ ಪಾಠದ ದೃಶ್ಯಗಳನ್ನೆಲ್ಲ ಸ್ಟುಡಿಯೋದ ಪರವಾಗಿ ನಾನೇ ಮಾಡಿಕೊಟ್ಟಿದ್ದೇನೆ ಎಂದಿತ್ತು. ಸಹಿ ಭಾವನದು. ಜೀವನವಿಡೀ ಕಣ್ಣಿಗೆ ಭೂತಗನ್ನಡಿ ಕಚ್ಚಿಸಿಕೊಂಡವರು, ಕಾರ್ಡಿನ ನಕಲು ತೆಗೆದುಕೊಂಡದ್ದಕ್ಕೆ ರಸೀದಿ ಎಂದದ್ದನ್ನು ನಂಬಿ, ಓದದೆ ಸಹಿ ಮಾಡಿದ್ದರು.

“ಊರಿಗೆಲ್ಲ ಗೊತ್ತಿರೋ ಸಹಿ. ಮೇಡಮ್ ಯಾರನ್ನ ನಂಬ್ತಾರೆ, ಇದನ್ನೋ, ಸುಟ್ಟ ಬೆಡ್‌ಶೀಟನ್ನೋ?” ಅವನು ಮುಂದಕ್ಕೆ ಬಾಗಿದ. ದನಿ ಮೆತ್ತಗಾಯಿತು. “ಹಾವೂ ಸಾಯ್ಬಾರ್ದು, ಕೋಲೂ ಮುರೀಬಾರ್ದು. ಕಾಗದ ಹರಿದುಹಾಕ್ತೀನಿ. ಪಾಠ ನನ್ನ ಸ್ಟುಡಿಯೋ ಹೆಸರಲ್ಲಿ ಬರಲಿ, ಕೆಳಗೆ ಇವಳ ಹೆಸರು. ಉಳಿದ ಹನ್ನೊಂದು ಪಾಠ ಇಲ್ಲೇ ತೆಗೀಲಿ, ಈ ಲೈಟಲ್ಲಿ, ಬಿಟ್ಟಿಯಾಗಿ. ರಜಾಯಿ, ಇಟ್ಟಿಗೆ, ಕಾಲುಚೀಲ ಎಲ್ಲ ತೆಗೆದು ಆಚೆ ಹಾಕಮ್ಮ. ಮತ್ತೆ ಯಜಮಾನರು ಮಗಳ ಮನೆಗೆ ಕದ್ದು ಹೋಗಿದ್ದು, ಆ ಕೈ ಅವರದು ಅನ್ನೋದು, ಆ ಎಡಗೈ... ಯಾವುದೂ ಈ ಕೋಣೆ ದಾಟಲ್ಲ.”

ಮುಳ್ಳು ಲೈಟನ್ನು ನೋಡಲಿಲ್ಲ. ಸಹಿಯನ್ನು ನೋಡಿದಳು. “ಅಪ್ಪನ ಹೆಸರು ಎಲ್ಲೂ ಬರೋದಿಲ್ವಾ?”

“ನನ್ನಾಣೆ.”

ಅವಳ ಭುಜ ಇಳಿಯುವುದನ್ನು ಚಿಕ್ಕಮ್ಮ ಕಂಡಳು. ಈ ಹುಡುಗಿ ತನಗಾಗಿ ಸೋಲುವವಳಲ್ಲ. ಅಪ್ಪನಿಗಾಗಿ ಈಗ ಸೋಲುತ್ತಾಳೆ. ಚಿಕ್ಕಮ್ಮ ಏನಾದರೂ ಹೇಳಬೇಕೆಂದು ಬಾಯಿ ತೆರೆದಳು. ಆದರೆ ಮಾತು ಬಾಗಿಲಿನಿಂದ ಬಂತು.

“ಆ ಲೈಟಿನಲ್ಲಿ ಹಿತ್ತಾಳೆ ತವರದ ಹಾಗೆ ಕಾಣುತ್ತೆ.”

ಭಾವ ಹೊಸ್ತಿಲ ಮೇಲೆ ನಿಂತಿದ್ದರು. ಅಂಗಡಿಯ ಏಪ್ರನ್ ಬಿಚ್ಚಿರಲಿಲ್ಲ. ಭೂತಗನ್ನಡಿ ಹಣೆಯ ಮೇಲಿತ್ತು. ಎಡಗೈ ಜೇಬಿನಲ್ಲಿತ್ತು.

“ಯಜಮಾನರೇ, ಬನ್ನಿ,” ಎಂದ ಫ್ಲ್ಯಾಶ್, ಕುರ್ಚಿ ಎಳೆಯುತ್ತ. “ನೀವೇ ಹೇಳಿ. ಅವತ್ತು ಈ ಕೈ ಕಾಣಬಾರದು ಅಂತ ಬೇಡ್ಕೊಂಡಿದ್ದು ನೀವೇ ತಾನೆ?”

“ಹೌದು.”

ಭಾವ ಕೂರಲಿಲ್ಲ. ಮಗಳ ಎದುರು ಬಂದು ನಿಂತರು. ಜೇಬಿನಿಂದ ಎಡಗೈ ತೆಗೆದು, ಕೊಡೆ ಲೈಟಿನ ಕೆಳಗೆ, ಇಸ್ತ್ರಿಯ ಕಲೆಯ ಪಕ್ಕದಲ್ಲಿ, ಬೆಡ್‌ಶೀಟಿನ ಮೇಲೆ ಚಾಚಿಟ್ಟರು. ಅರ್ಧಕ್ಕೇ ನಿಂತ ಬೆರಳು ಆ ಬೆಳಕಿನಲ್ಲಿ ಹೊಸದಾಗಿ ಕಂಡಿತು. ಅದನ್ನು ಅಷ್ಟು ಹತ್ತಿರದಿಂದ ಯಾರೂ ನೋಡಿರಲಿಲ್ಲ.

“ಬಾಗಿಲಲ್ಲ ಇದು,” ಎಂದರು. “ಸ್ಪ್ರಿಂಗು. ನನಗೆ ಹತ್ತೊಂಬತ್ತು ವರ್ಷ. ಇಳಿಸದೆ ಬಿಚ್ಚಿದೆ.”

ಮುಳ್ಳು ಆ ಬೆರಳಿನ ಮೇಲೆ ಬಾಗಿದಳು.

“ಗಡಿಯಾರ ಕೈಗೆ ಬಂದ್ರೆ ಮೊದಲು ಇಳಿಸು ಅಂತ ನಿನಗೆ ಕಲಿಸಿದೆ. ಯಾಕೆ ಅಂತ ಹೇಳಲಿಲ್ಲ. ನಾಚಿಕೆ. ಅದಕ್ಕೇ ನಿನ್ನ ಕೈ ಕಲೀತು, ಬಾಯಿ ಕಲೀಲಿಲ್ಲ. ತಪ್ಪು ನಿಂದಲ್ಲ ಮುಳ್ಳು, ನಂದು. ಮಿಕ್ಕಿದ ಪಾಠ...” ಅವರು ಹುಡುಕಿದರು. ಪದ ಸಿಗಲಿಲ್ಲ. ಕಿರುಬೆರಳಿನಿಂದ ಮೇಜನ್ನು ಎರಡು ಸಲ ತಟ್ಟಿದರು.

ಮುಳ್ಳುವಿನ ಕಣ್ಣು ತುಂಬಿತು. “ಮಾಡೋಕೆ, ತೋರಿಸೋಕಲ್ಲ ಅಂದಿದ್ದೆ.”

“ಅಂದಿದ್ದೆ. ನನಗೆ ತೋರಿಸೋಕೆ ಭಯ. ನಿನಗ್ಯಾಕೆ?”

ಅಷ್ಟರಲ್ಲಿ ಮುಳ್ಳುವಿನ ಫೋನು ಹೊಡೆದುಕೊಳ್ಳತೊಡಗಿತು. ಪರದೆಯ ಮೇಲೆ ಸಂಸ್ಥೆಯ ಮೇಡಮ್. ಗಂಟೆ ಇನ್ನೂ ನಾಲ್ಕೂವರೆ. ಅವರಿಗೆ ಐದರವರೆಗೆ ಕಾಯುವ ಮನಸ್ಸಿರಲಿಲ್ಲ.

ಫ್ಲ್ಯಾಶ್ ಎದ್ದು ನಿಂತ. ಕಾಗದದ ಎರಡು ಅಂಚನ್ನೂ ಎರಡು ಕೈಯಲ್ಲಿ ಹಿಡಿದಿದ್ದ. “ಅವಳು ಫೋನು ಎತ್ತೋಕೆ ಮುಂಚೆ ಹೇಳಿ ಯಜಮಾನರೇ. ಆಮೇಲೆ ನನ್ನ ಕೈಲೂ ಇರಲ್ಲ. ಬೇಕಾದ್ರೆ ಈಗ್ಲೇ ಇಲ್ಲೇ ಕೂತು ಇನ್ನೊಂದು ಸಲ ತೆಗೆಯೋಣ, ಬರೀ ಬಲಗೈ. ನಿಮ್ಮ ಹೆಸರು ಉಳಿಯುತ್ತೆ, ಹುಡುಗಿಗೆ ಕೆಲಸ ಉಳಿಯುತ್ತೆ. ಈ ಕಾಗದ ಇದ್ರೆ ಎರಡೂ ಉಳಿಯಲ್ಲ. ಹರೀಲಾ?”

ಫೋನು ನಾಲ್ಕನೆಯ ಸಲ ಬಡಿದುಕೊಂಡಿತು. ಮುಳ್ಳು ಅಪ್ಪನ ಮುಖ ನೋಡಿದಳು. ಚಿಕ್ಕಮ್ಮ, ಸ್ಟೂಲಿನ ಮೇಲೆ ನಿಂತಾಗಲೂ ಅಷ್ಟು ಅಲುಗಾಡದೆ ಇದ್ದವಳಲ್ಲ.

ಭಾವ ಬೆಡ್‌ಶೀಟನ್ನು ಮೇಜಿನಿಂದ ಎಳೆದುಕೊಂಡು ಮಡಚತೊಡಗಿದರು, ಎರಡೂ ಕೈಯಿಂದ, ಕಲೆ ಹೊರಗೆ ಕಾಣುವ ಹಾಗೆ.

“ಬೇಡ,” ಎಂದರು. “ಕಾಗದ ನೀನೇ ಇಟ್ಕೋ. ಮೇಡಮ್‌ಗೆ ನಾನೇ ಹೇಳ್ತೀನಿ.”